ಮಾಸ್ತಿಯವರು ಕಥೆ ಹೇಳುವ ಬಗೆ

ಕಥೆಯನ್ನು ಓದುವುದು ಒಂದು ಸಂತೋಷ. ಕಥೆಗಾರರು ಅದನ್ನು ಹೇಗೆ ಹೇಳಿದ್ದಾರೆ, ಏಕೆ ಹಾಗೆ ಹೇಳಿದ್ದಾರೆ ಎಂದು ತಿಳಿಯುವುದು ಇನ್ನೊಂದು ಸಂತೋಷ. ಕನ್ನಡದ ಹಿರಿಯ ಕಥೆಗಾರರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಶೈಲಿ ಮತ್ತು ದೃಷ್ಟಿಯನ್ನು ಈ ಪಾಠದಲ್ಲಿ ತಿಳಿಯೋಣ.

ಶೈಲಿ ಎಂದರೇನು? ದೃಷ್ಟಿ ಎಂದರೇನು?

ಮಕ್ಕಳೇ, ನಾರಾಯಣಖೇಡದಿಂದ ಜಹೀರಾಬಾದಿಗೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು ಎಂದು ತಿಳಿಯಿರಿ. ಬಸ್ಸಿನಲ್ಲಿ ಇಬ್ಬರು ಮಕ್ಕಳಿದ್ದರು. ಸಂಜೆ ಮನೆಗೆ ಬಂದ ಮೇಲೆ ಇಬ್ಬರೂ ಆ ಸಂಗತಿಯನ್ನು ಹೇಳಿದರು.

ಹುಡುಗ ಹೇಳಿದ: "ಬಸ್ಸು ಕೆಟ್ಟಿತು. ಎರಡು ತಾಸು ತಡವಾಯಿತು. ಎಲ್ಲಾ ಆ ಡ್ರೈವರನದೇ ತಪ್ಪು."

ಹುಡುಗಿ ಹೇಳಿದಳು: "ಬಸ್ಸು ನಿಂತಿತು. ಡ್ರೈವರ್ ಕಾಕಾ ಬಿಸಿಲಿನಲ್ಲಿಯೇ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡಿದರು. ಅವರ ಅಂಗಿಯೆಲ್ಲಾ ಎಣ್ಣೆಯಾಯಿತು. ಜನ ಅವರನ್ನು ಬೈಯುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ತನ್ನ ಬಾಟಲಿಯ ನೀರನ್ನು ಅವರಿಗೆ ಕೊಟ್ಟಳು."

ನಡೆದ ಸಂಗತಿ ಒಂದೇ. ಆದರೆ ಇಬ್ಬರ ಮಾತೂ ಬೇರೆ ಬೇರೆ. ಯಾವ ಪದಗಳನ್ನು ಆರಿಸಿದರು, ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಬಿಟ್ಟರು ಎಂಬುದು ಹೇಳುವ ರೀತಿ. ಇದನ್ನೇ ಶೈಲಿ ಎನ್ನುತ್ತಾರೆ. ಯಾರನ್ನು ನೋಡಿದರು, ಯಾರ ಕಷ್ಟ ಅವರ ಕಣ್ಣಿಗೆ ಬಿತ್ತು ಎಂಬುದು ನೋಡುವ ರೀತಿ. ಇದನ್ನೇ ದೃಷ್ಟಿ ಎನ್ನುತ್ತಾರೆ. ಹುಡುಗನಿಗೆ ಕಂಡದ್ದು ತಡ. ಹುಡುಗಿಗೆ ಕಂಡದ್ದು ಮನುಷ್ಯರು.

ಹೇಳುವ ರೀತಿ ನೋಡುವ ರೀತಿಯಿಂದ ಹುಟ್ಟುತ್ತದೆ. ಇದು ಮಾಸ್ತಿಯವರ ಕಥೆಗಳಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಗಡಿನಾಡಿನಲ್ಲಿ ಬೆಳೆದವರು

ಮಾಸ್ತಿ ಎಂಬುದು ಒಂದು ಊರಿನ ಹೆಸರು. ಅದು ಕರ್ನಾಟಕದ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನಲ್ಲಿದೆ. ಕೋಲಾರ ಜಿಲ್ಲೆಯ ಒಂದು ಕಡೆ ಆಂಧ್ರಪ್ರದೇಶವಿದೆ, ಇನ್ನೊಂದು ಕಡೆ ತಮಿಳುನಾಡಿದೆ. ಅಲ್ಲಿಯ ಸಂತೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಮಾತುಗಳೂ ಕೇಳಿಬರುತ್ತವೆ. ನಿಮ್ಮ ಊರಿನಲ್ಲಿಯೂ ಹಾಗೆಯೇ ಅಲ್ಲವೇ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ಉರ್ದು, ತಾಂಡಾದಲ್ಲಿ ಲಂಬಾಣಿ. ನೀವೂ ಗಡಿನಾಡಿನ ಮಕ್ಕಳೇ.

ವೆಂಕಟೇಶ ಅಯ್ಯಂಗಾರ್ ಅವರು 1891ರ ಜೂನ್ 6ರಂದು ಹುಟ್ಟಿದರು. ಅವರ ಮನೆಯ ಮಾತು ತಮಿಳು. ಓದಿದ್ದು ಇಂಗ್ಲಿಷ್ ಸಾಹಿತ್ಯ. 1914ರಲ್ಲಿ ಮದ್ರಾಸಿನಲ್ಲಿ ಎಂ.ಎ. ಪದವಿ ಪಡೆದರು. ಆದರೆ ಕಥೆ ಬರೆಯಲು ಅವರು ಆರಿಸಿಕೊಂಡದ್ದು ಕನ್ನಡವನ್ನು. ತಮ್ಮ ಸುತ್ತಲಿನ ಜನ ಆಡುವ ಭಾಷೆ ಅದು. ಮರಾಠಿ ಮನೆಮಾತಿನ ದ.ರಾ. ಬೇಂದ್ರೆಯವರೂ ಕನ್ನಡದ ದೊಡ್ಡ ಕವಿಯಾದರು. ಹಲವು ಮಾತುಗಳ ನಡುವೆ ಬೆಳೆದವರು ಕನ್ನಡವನ್ನು ಎಷ್ಟು ಚೆನ್ನಾಗಿ ಬರೆಯಬಲ್ಲರು ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ.

ಮಾಸ್ತಿಯವರು ಮೈಸೂರು ಸರಕಾರದಲ್ಲಿ ಅಧಿಕಾರಿಯಾಗಿ 1943ರವರೆಗೆ ಕೆಲಸ ಮಾಡಿದರು. ಕೆಲಸದ ನಡುವೆಯೇ ಬರೆದರು. ಹಲವು ಕಥೆಗಳನ್ನು 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರ ಮೊದಲ ಕಥಾಸಂಗ್ರಹ 'ಕೆಲವು ಸಣ್ಣ ಕಥೆಗಳು' 1920ರಲ್ಲಿ ಹೊರಬಂದಿತು. ಕನ್ನಡದಲ್ಲಿ ಸಣ್ಣಕಥೆ ಎಂಬ ಬಗೆ ಆಗಿನ್ನೂ ಹೊಸದು. ಮುಂದೆ ಅವರು ಸುಮಾರು ನೂರು ಸಣ್ಣಕಥೆಗಳನ್ನು ಬರೆದರು. ಆದ್ದರಿಂದ ಅವರನ್ನು ಕನ್ನಡ ಸಣ್ಣಕಥೆಯ ಜನಕ ಎಂದು ಕರೆಯುತ್ತಾರೆ. 'ಮಾಸ್ತಿ ಕನ್ನಡದ ಆಸ್ತಿ' ಎಂಬ ಮಾತನ್ನು ನೀವು ಕೇಳಿರಬಹುದು.

ಮಾತನಾಡಿದಂತೆ ಬರೆಯುವುದು

ಮಾಸ್ತಿಯವರ ಶೈಲಿಯ ಮೊದಲನೆಯ ಗುಣ ಮಾತುಗಾರಿಕೆ. ಅವರ ಕಥೆಯನ್ನು ಓದುವಾಗ ಯಾರೋ ಹಿರಿಯರು ನಮ್ಮ ಎದುರಿಗೆ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದಂತೆ ಅನಿಸುತ್ತದೆ. ಅವರಿಗೆ ಅವಸರವಿಲ್ಲ. ನಡುವೆ ಬೇರೆ ಮಾತು ಬಂದರೆ ಅದನ್ನೂ ಸ್ವಲ್ಪ ಆಡುತ್ತಾರೆ. ಆಮೇಲೆ ಕಥೆಗೆ ಮರಳುತ್ತಾರೆ.

'ರಂಗಪ್ಪನ ಮದುವೆ' ಅವರ ಆರಂಭದ ಕಥೆಗಳಲ್ಲಿ ಒಂದು. ಇದರಲ್ಲಿ ಕಥೆ ಹೇಳುವವನ ಹೆಸರು ಶ್ಯಾಮ. ಅವನು ಮೊದಲು ತನ್ನ ಊರಾದ ಹೊಸಹಳ್ಳಿಯನ್ನು ಹೊಗಳುತ್ತಾನೆ. ಭೂಪಟದಲ್ಲಿ ತನ್ನ ಊರಿನ ಹೆಸರೇ ಇಲ್ಲವೆಂದು ನಗುತ್ತಾನೆ. ಆದರೂ ಕರಿಗಡುಬಿಗೆ ಹೂರಣ ಹೇಗೋ ನಾಡಿಗೆ ತನ್ನ ಊರು ಹಾಗೆ ಎಂದು ಹೆಮ್ಮೆಪಡುತ್ತಾನೆ. ನಿಮ್ಮ ಹಳ್ಳಿಯ ಹೆಸರು ಭೂಪಟದಲ್ಲಿ ಇದೆಯೇ? ಇಲ್ಲದಿದ್ದರೆ ನಿಮಗೂ ಶ್ಯಾಮನಂತೆಯೇ ಅನಿಸಬಹುದು.

ಆ ಊರಿನ ಶಾನುಭೋಗರ ಮಗ ರಂಗಪ್ಪ. ಅವನು ಬೆಂಗಳೂರಿಗೆ ಓದಲು ಹೋಗಿ ಮರಳಿ ಬರುತ್ತಾನೆ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಪಟ್ಟಣಕ್ಕೆ ಹೋದ ಹುಡುಗ ಬದಲಾಗಿದ್ದಾನೆಯೇ ಎಂದು ನೋಡಲು ಊರ ಜನ ಓಡಿ ಬರುತ್ತಾರೆ. ಒಬ್ಬ ಮುದುಕಿ ಅವನ ಎದೆಯ ಮೇಲೆ ಕೈಯಾಡಿಸಿ, ಜನಿವಾರ ಇದೆಯೆಂದು ತಿಳಿದು ಸಮಾಧಾನಪಡುತ್ತಾಳೆ. ಹುಡುಗ ಮೊದಲಿನಂತೆಯೇ ಇದ್ದಾನೆ ಎಂದು ಜನ ಮನೆಗೆ ಹೋಗುತ್ತಾರೆ.

ಇದನ್ನು ಓದಿದರೆ ನಗು ಬರುತ್ತದೆ. ಆದರೆ ಆ ಮುದುಕಿಯನ್ನು ಹೀಯಾಳಿಸಬೇಕು ಎಂದು ಅನಿಸುವುದಿಲ್ಲ. ಅವಳಿಗೆ ಆ ಹುಡುಗನ ಮೇಲೆ ಪ್ರೀತಿಯಿದೆ. ಅವನು ತಮ್ಮವನಾಗಿಯೇ ಉಳಿದಿದ್ದಾನೆಯೇ ಎಂಬ ಚಿಂತೆಯಿದೆ. ಮಾಸ್ತಿಯವರ ಹಾಸ್ಯದಲ್ಲಿ ಯಾರ ಮನಸ್ಸನ್ನೂ ಚುಚ್ಚುವ ಮುಳ್ಳಿಲ್ಲ.

ಸರಳವಾದ ಮಾತು

ಎರಡನೆಯ ಗುಣ ಸರಳತೆ. ಕೆಳಗಿನ ಎರಡು ಬಗೆಯ ಬರಹವನ್ನು ನೋಡಿರಿ. ಇವು ಈ ಪಾಠಕ್ಕಾಗಿಯೇ ಬರೆದ ಮಾತುಗಳು.

1. ದುಃಖಸಾಗರದಲ್ಲಿ ಮುಳುಗಿದ ಆ ವೃದ್ಧ ಮಾತೆಯ ಕಮಲನಯನಗಳಿಂದ ಅಶ್ರುಧಾರೆ ಹರಿಯಿತು.

2. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮೊದಲನೆಯ ವಾಕ್ಯದಲ್ಲಿ ದೊಡ್ಡ ದೊಡ್ಡ ಪದಗಳಿವೆ. ಆದರೆ ಅಜ್ಜಿ ನಮಗೆ ಕಾಣುವುದಿಲ್ಲ. ಎರಡನೆಯ ವಾಕ್ಯದಲ್ಲಿ ಇರುವುದು ನಾಲ್ಕೇ ಪದ. ಅಜ್ಜಿ ಕಣ್ಣಿಗೆ ಕಟ್ಟುತ್ತಾಳೆ. ಮಾಸ್ತಿಯವರು ಎರಡನೆಯ ದಾರಿಯಲ್ಲಿ ನಡೆದವರು. ಅವರ ವಾಕ್ಯಗಳು ದಿನವೂ ಆಡುವ ಮಾತಿಗೆ ಹತ್ತಿರವಾಗಿರುತ್ತವೆ. ದುಃಖದ ಸಂಗತಿಯನ್ನು ಹೇಳುವಾಗಲೂ ಅವರು ಧ್ವನಿ ಏರಿಸುವುದಿಲ್ಲ. 'ಇದು ಬಹಳ ದುಃಖದ ಸಂಗತಿ' ಎಂದು ಅವರು ನಮಗೆ ಹೇಳಿಕೊಡಬೇಕಾಗಿಲ್ಲ. ನಮಗೇ ತಿಳಿಯುತ್ತದೆ.

ಸರಳವಾಗಿ ಬರೆಯುವುದು ಸುಲಭ ಎಂದು ತಿಳಿಯಬೇಡಿರಿ. ಪದ ಕಡಿಮೆಯಾದಷ್ಟೂ ಸರಿಯಾದ ಪದವನ್ನೇ ಹುಡುಕಬೇಕಾಗುತ್ತದೆ.

ಮೊಸರು ಮಾರುವವಳೂ ಕಥೆಯ ನಾಯಕಿ

ಹಳೆಯ ಕಾವ್ಯಗಳಲ್ಲಿ ರಾಜರು, ವೀರರು ನಾಯಕರಾಗುತ್ತಿದ್ದರು. ಮಾಸ್ತಿಯವರ ಕಥೆಗಳಲ್ಲಿ ನಮ್ಮ ನೆರೆಮನೆಯವರೂ ನಾಯಕರಾಗುತ್ತಾರೆ. 'ಮೊಸರಿನ ಮಂಗಮ್ಮ' ಅಂತಹ ಕಥೆ. ಮಂಗಮ್ಮ ಬೆಂಗಳೂರಿನ ಹತ್ತಿರದ ಒಂದು ಹಳ್ಳಿಯವಳು. ದಿನವೂ ಮೊಸರು ಹೊತ್ತು ಪಟ್ಟಣಕ್ಕೆ ಬಂದು ಮಾರುತ್ತಾಳೆ. ತಾಂಡೂರು, ಜಹೀರಾಬಾದಿನ ಸಂತೆಗಳಿಗೆ ಬೆಳಿಗ್ಗೆಯೇ ತರಕಾರಿ, ಮೊಸರು, ಸೊಪ್ಪು ತರುವ ಅವ್ವಂದಿರನ್ನು ನೀವು ನೋಡಿದ್ದೀರಿ. ಮಂಗಮ್ಮನೂ ಅವರಂಥವಳೇ.

ಅವಳು ಮೊಸರು ಕೊಡುವ ಒಂದು ಮನೆಯ ಗೃಹಿಣಿ ಈ ಕಥೆಯನ್ನು ನಮಗೆ ಹೇಳುತ್ತಾಳೆ. ಮಂಗಮ್ಮ ಮೊಸರು ಅಳೆದು ಕೊಟ್ಟ ಮೇಲೆ ತನ್ನ ಸುಖದುಃಖವನ್ನು ಆಕೆಯ ಮುಂದೆ ಆಡಿಕೊಳ್ಳುತ್ತಾಳೆ. ಒಂದು ದಿನ ಸೊಸೆ ನಂಜಮ್ಮ ತನ್ನ ಮಗುವನ್ನು ಹೊಡೆದಳು. ಮೊಮ್ಮಗನ ಅಳು ಕೇಳಿ ಮಂಗಮ್ಮನಿಗೆ ತಡೆಯಲಾಗಲಿಲ್ಲ. ಸೊಸೆಯನ್ನು ಬೈದಳು. ಸೊಸೆಯೂ ಎದುರು ಮಾತನಾಡಿದಳು. ಮಗ ಹೆಂಡತಿಯ ಪರವಾಗಿ ನಿಂತ. ಮಂಗಮ್ಮನಿಗೆ ಬಹಳ ನೋವಾಯಿತು. ಅವಳು ಬೇರೆಯಾಗಿ ಅಡಿಗೆ ಮಾಡಿಕೊಳ್ಳತೊಡಗಿದಳು.

ಇಲ್ಲಿಯವರೆಗೆ ಓದಿದರೆ ನಾವು ಏನು ಹೇಳುತ್ತೇವೆ? 'ಪಾಪ ಮಂಗಮ್ಮ! ಸೊಸೆ ಕೆಟ್ಟವಳು' ಎನ್ನುತ್ತೇವೆ. ಕಥೆ ಇಲ್ಲಿಗೇ ಮುಗಿದಿದ್ದರೆ ನಮ್ಮ ತೀರ್ಪೂ ಮುಗಿದುಹೋಗುತ್ತಿತ್ತು.

ಎರಡೂ ಕಡೆಯ ಮಾತು ಕೇಳುವುದು

ಆದರೆ ಮಾಸ್ತಿಯವರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಮುಂದೆ ನಂಜಮ್ಮನೂ ಆ ಗೃಹಿಣಿಯ ಎದುರಿಗೆ ಬರುತ್ತಾಳೆ. ತನ್ನ ಮಾತನ್ನು ತಾನೇ ಹೇಳುತ್ತಾಳೆ. ಅವಳು ತಾಯಿ. ತನ್ನ ಮಗುವನ್ನು ತಿದ್ದುವ ಅಧಿಕಾರ ತನಗೆ ಬೇಡವೇ? ಅವಳು ಆ ಮನೆಯ ಸೊಸೆ. ಮನೆಯಲ್ಲಿ ತನಗೂ ಒಂದು ಸ್ಥಾನ ಬೇಡವೇ? ಅವಳ ಮಾತು ಕೇಳಿದಾಗ ಅದರಲ್ಲಿಯೂ ನ್ಯಾಯವಿದೆ ಎಂದು ನಮಗೆ ತಿಳಿಯುತ್ತದೆ. ಮೊದಲು ನಾವು ಕೊಟ್ಟ ತೀರ್ಪು ಅರ್ಧ ಮಾತ್ರ ಸರಿ.

ಕೊನೆಗೆ ಆ ಪುಟ್ಟ ಮೊಮ್ಮಗನೇ ಅಜ್ಜಿಯ ಬಳಿಗೆ ಬರುತ್ತಾನೆ. ಅಜ್ಜಿಯ ಜೊತೆಯಲ್ಲೇ ಇರುತ್ತೇನೆ ಎನ್ನುತ್ತಾನೆ. ಮಗುವಿನಿಂದಾಗಿ ಮನೆ ಮತ್ತೆ ಒಂದಾಗುತ್ತದೆ. ಮಗುವನ್ನು ಕಳುಹಿಸಿದ್ದರಲ್ಲಿ ಸೊಸೆಯ ಜಾಣತನವೂ ಇದೆ. ಅತ್ತೆ ಕೂಡಿಟ್ಟ ಗಂಟು ಬೇರೆಯವರ ಪಾಲಾಗಬಾರದು ಎಂಬ ಲೆಕ್ಕವೂ ಅದರಲ್ಲಿದೆ. ಮಾಸ್ತಿಯವರು ಇದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಸೊಸೆಯನ್ನು ದೂರುವುದೂ ಇಲ್ಲ. ಮನುಷ್ಯರ ಮನಸ್ಸಿನಲ್ಲಿ ಪ್ರೀತಿ ಮತ್ತು ಲೆಕ್ಕ ಎರಡೂ ಒಟ್ಟಿಗೆ ಇರುತ್ತವೆ ಎಂದು ತೋರಿಸುತ್ತಾರೆ. ಮುಂದೆ ಮೊಸರು ಮಾರಲು ನಂಜಮ್ಮನೇ ಪಟ್ಟಣಕ್ಕೆ ಬರತೊಡಗುತ್ತಾಳೆ.

ಅತ್ತೆ ಸರಿಯೋ, ಸೊಸೆ ಸರಿಯೋ? ಕಥೆಗಾರರು ತೀರ್ಪು ಹೇಳುವುದಿಲ್ಲ. ಇದು ಮಾಸ್ತಿಯವರ ದೃಷ್ಟಿಯ ಮುಖ್ಯ ಗುಣ. ಅವರು ಅಧಿಕಾರಿಯಾಗಿದ್ದವರು. ಜಗಳ, ದೂರು, ಅರ್ಜಿಗಳನ್ನು ಕಂಡವರು. ಒಬ್ಬರ ಮಾತನ್ನಷ್ಟೇ ಕೇಳಿ ನಿರ್ಧಾರ ಮಾಡಬಾರದು ಎಂಬುದು ಅವರಿಗೆ ಆ ಕೆಲಸದಿಂದಲೂ ತಿಳಿದಿರಬಹುದು.

ಈಗ ಅವರ ಶೈಲಿಯನ್ನು ಮತ್ತೆ ನೆನೆಯಿರಿ. ಅವರು ಏಕೆ ಮಾತನಾಡಿದಂತೆ ಬರೆಯುತ್ತಾರೆ? ಏಕೆಂದರೆ ಅವರು ಮೊದಲು ಜನರ ಮಾತನ್ನು ಕೇಳುತ್ತಾರೆ. ಅವರ ಹಲವು ಕಥೆಗಳಲ್ಲಿ ಕಥೆ ಹೇಳುವವರು ತಾವು ಕಂಡ, ಇನ್ನೊಬ್ಬರಿಂದ ಕೇಳಿದ ಸಂಗತಿಯನ್ನೇ ಹೇಳುತ್ತಾರೆ. ಏಕೆ ಧ್ವನಿ ಏರಿಸುವುದಿಲ್ಲ? ಏಕೆಂದರೆ ಕಿರುಚುವವರಿಗೆ ಇನ್ನೊಬ್ಬರ ಮಾತು ಕೇಳಿಸುವುದಿಲ್ಲ. ಹೀಗೆ ಅವರ ಶೈಲಿಯೂ ದೃಷ್ಟಿಯೂ ಒಂದಕ್ಕೊಂದು ಹೊಂದಿಕೊಂಡಿವೆ.

ಕೆಟ್ಟ ರಾಜನನ್ನೂ ಮನುಷ್ಯನಂತೆ ನೋಡುವುದು

ಜಗಳವಾಡುವ ಅತ್ತೆ ಸೊಸೆಯರಲ್ಲಿ ಇಬ್ಬರದೂ ಸರಿ ಎನ್ನಬಹುದು. ನಿಜವಾಗಿಯೂ ಕೆಟ್ಟ ಕೆಲಸ ಮಾಡಿದವನ ಕಥೆಯನ್ನು ಹೇಗೆ ಹೇಳಬೇಕು? ಇದಕ್ಕೆ ಉತ್ತರ 'ಚಿಕವೀರ ರಾಜೇಂದ್ರ' ಕಾದಂಬರಿಯಲ್ಲಿದೆ. ಇದು 1956ರಲ್ಲಿ ಪ್ರಕಟವಾಯಿತು. ಚಿಕವೀರ ರಾಜೇಂದ್ರನು ಕೊಡಗಿನ ಕೊನೆಯ ರಾಜ. 1834ರಲ್ಲಿ ಬ್ರಿಟಿಷರು ಅವನ ರಾಜ್ಯವನ್ನು ತೆಗೆದುಕೊಂಡರು.

ಕಾದಂಬರಿಯಲ್ಲಿ ಈ ರಾಜ ಕುಡುಕ, ಕ್ರೂರಿ. ಮಾಸ್ತಿಯವರು ಅವನ ತಪ್ಪುಗಳನ್ನು ಮರೆಮಾಡುವುದಿಲ್ಲ. ಅವನಿಂದ ಜನರಿಗೆ ಆದ ತೊಂದರೆಯನ್ನು ಹೇಳುತ್ತಾರೆ. ತಾಳ್ಮೆಯಿಂದ ಎಲ್ಲವನ್ನೂ ಸಹಿಸುವ ರಾಣಿ ಗೌರಮ್ಮನನ್ನು ತೋರಿಸುತ್ತಾರೆ. ಅದರ ಜೊತೆಗೆ ಅದೇ ರಾಜನಿಗೆ ತನ್ನ ಮಗಳ ಮೇಲೆ ಇದ್ದ ಪ್ರೀತಿಯನ್ನೂ ತೋರಿಸುತ್ತಾರೆ. ಇವನು ಹೀಗೇಕೆ ಆದ, ಇವನನ್ನು ತಿದ್ದಬೇಕಾದವರು ಏನು ಮಾಡಿದರು ಎಂದು ನಾವು ಯೋಚಿಸುವಂತೆ ಮಾಡುತ್ತಾರೆ. ತಪ್ಪನ್ನು ತಪ್ಪು ಎನ್ನಬೇಕು. ಆದರೆ ತಪ್ಪು ಮಾಡಿದವನು ಏಕೆ ಹಾಗಾದ ಎಂದೂ ಕೇಳಬೇಕು. ಇದು ಆ ಕಾದಂಬರಿಯಿಂದ ನಾವು ಕಲಿಯುವ ಪಾಠ. ಈ ಕಾದಂಬರಿಗಾಗಿ ಮಾಸ್ತಿಯವರಿಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ಕುವೆಂಪು, ಬೇಂದ್ರೆ, ಶಿವರಾಮ ಕಾರಂತರ ನಂತರ ಈ ಪ್ರಶಸ್ತಿ ಪಡೆದ ನಾಲ್ಕನೆಯ ಕನ್ನಡ ಸಾಹಿತಿ ಅವರು. 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನದಂದೇ ಅವರು ತೀರಿಕೊಂಡರು.

ದೂರದ ಜನರೂ ನಮ್ಮವರೇ

ಮಾಸ್ತಿಯವರು ತಮ್ಮ ಊರಿನ ಸುತ್ತಮುತ್ತಲಿನ ಕಥೆಗಳನ್ನಷ್ಟೇ ಬರೆಯಲಿಲ್ಲ. ರಷ್ಯಾ ದೇಶದ ಮಹಾಲೇಖಕ ಟಾಲ್‌ಸ್ಟಾಯ್ ಅವರನ್ನು ಕುರಿತು, ಜರ್ಮನಿಯ ಮಹಾಕವಿ ಗಯಟೆಯನ್ನು ಕುರಿತು ಕಥೆ ಬರೆದಿದ್ದಾರೆ. ಮೊಸರು ಮಾರುವ ಮಂಗಮ್ಮನನ್ನು ಎಷ್ಟು ಆದರದಿಂದ ನೋಡಿದರೋ ಅಷ್ಟೇ ಆದರ ಅವರಿಗೂ ಉಂಟು. ದೊಡ್ಡವರು, ಸಣ್ಣವರು ಎಂಬ ಭೇದ ಅವರ ಕಥೆಗಳಲ್ಲಿ ಕರಗಿಹೋಗುತ್ತದೆ.

ಅವರ ಕಥೆಗಳೂ ದೂರ ದೂರಕ್ಕೆ ಹೋಗಿವೆ. ಮಂಗಮ್ಮನ ಕಥೆಯನ್ನು ಬಿಹಾರ ರಾಜ್ಯದ ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲಿ ಹಿಂದಿಯಲ್ಲಿ ಸೇರಿಸಿದ್ದಾರೆ. ರಂಗಪ್ಪನ ಕಥೆ ಇಂಗ್ಲಿಷಿಗೆ ಅನುವಾದವಾಗಿ, ದೇಶದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಅದನ್ನು ಹಲವು ವರ್ಷ ಪಾಠವಾಗಿ ಓದಿದ್ದಾರೆ. ಭೂಪಟದಲ್ಲಿ ಇಲ್ಲದ ಹೊಸಹಳ್ಳಿ ಹೀಗೆ ಸಾವಿರಾರು ಮಕ್ಕಳಿಗೆ ಪರಿಚಯವಾಯಿತು.

ಬೇರೆ ಶೈಲಿಗಳೂ ಉಂಟು

ಎಲ್ಲ ಕಥೆಗಾರರೂ ಮಾಸ್ತಿಯವರಂತೆ ಬರೆಯಬೇಕೆಂದಿಲ್ಲ. ಅವರ ಕಥೆಗಳಲ್ಲಿ ಸಮಾಧಾನ ಹೆಚ್ಚು, ಅನ್ಯಾಯದ ಮೇಲಿನ ಸಿಟ್ಟು ಕಡಿಮೆ ಎಂದು ಹೇಳುವವರೂ ಇದ್ದಾರೆ. ಅದರಲ್ಲಿಯೂ ಸತ್ಯವಿದೆ. ಕೆಲವು ಸಂಗತಿಗಳನ್ನು ಸಿಟ್ಟಿನಿಂದಲೇ ಹೇಳಬೇಕಾಗುತ್ತದೆ.

ತಾಂಡೂರಿನಿಂದ ವಾಡಿಯ ಮೇಲೆ ರೈಲಿನಲ್ಲಿ ಹೋದರೆ ಕಲಬುರಗಿ ಸಿಗುತ್ತದೆ. ಆ ಊರಿನ ಹತ್ತಿರದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದವರು ಗೀತಾ ನಾಗಭೂಷಣ. ಅವರ ತಂದೆ ಗಿರಣಿಯಲ್ಲಿ ದುಡಿಯುತ್ತಿದ್ದರು. ಬಡವರ, ಅದರಲ್ಲಿಯೂ ಬಡ ಹೆಣ್ಣುಮಕ್ಕಳ ಕಷ್ಟವನ್ನು ಗೀತಾ ಅವರು ಮುಚ್ಚುಮರೆಯಿಲ್ಲದೆ ಬರೆದರು. ಅವರ ಪಾತ್ರಗಳು ಕಲಬುರಗಿಯ ಕಡೆಯ ಆಡುಮಾತನ್ನೇ ಆಡುತ್ತವೆ. 'ಎಲ್ಲಿ ಹೊಂಟೀರಿ?', 'ಯಾಕ್ರಿ?', 'ಯವ್ವಾ' ಎಂದು ನೀವು ಮನೆಯಲ್ಲಿ ಆಡುವ ಮಾತಿಗೆ ಅದು ಹತ್ತಿರ. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2020ರಲ್ಲಿ ಅವರು ತೀರಿಕೊಂಡರು.

ಮಾಸ್ತಿಯವರದು ತಣ್ಣನೆಯ ಧ್ವನಿ. ಗೀತಾ ಅವರದು ಬಿಸಿಯಾದ ಧ್ವನಿ. ಆದರೂ ಇಬ್ಬರಿಗೂ ಸಮಾನವಾದ ಒಂದು ಗುಣವಿದೆ. ಯಾರೂ ಗಮನಿಸದೆ ಬಿಟ್ಟ ಜನರ ಕಡೆಗೆ ಇಬ್ಬರೂ ತಿರುಗಿ ನೋಡಿದರು. ಅವರ ಮಾತನ್ನು ಕಿವಿಗೊಟ್ಟು ಕೇಳಿದರು.

ನೀವೂ ಹೇಳಬಹುದು

ಮಕ್ಕಳೇ, ನಿಮ್ಮ ಸುತ್ತಲೂ ಕಥೆಗಳಿವೆ. ತಾಂಡೂರಿನ ಕಲ್ಲುಗಣಿಯಲ್ಲಿ ಫರಸಿ ಕಲ್ಲು ಎತ್ತುವ ಮಾಮ, ಜಹೀರಾಬಾದಿನ ಕಡೆಯ ಹೊಲಗಳಲ್ಲಿ ಕಬ್ಬು ಕಡಿಯಲು ಬರುವ ಕುಟುಂಬಗಳು, ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ ಸೀತಾಫಲ ಮಾರುವ ಅಜ್ಜಿ, ಇವರೆಲ್ಲರಿಗೂ ಹೇಳಲು ಒಂದೊಂದು ಮಾತಿದೆ. ಕೇಳುವವರು ಬೇಕು.

ನಿಮ್ಮ ತರಗತಿಯಲ್ಲಿ ಇಬ್ಬರು ಗೆಳೆಯರು ಜಗಳವಾಡಿದರೆ ಮೊದಲು ಒಬ್ಬನ ಮಾತು ಕೇಳಿರಿ. ಕೂಡಲೇ ತೀರ್ಪು ಹೇಳಬೇಡಿರಿ. ಇನ್ನೊಬ್ಬನ ಮಾತನ್ನೂ ಕೇಳಿರಿ. ಆಮೇಲೆ ಅದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಓದಿದ ಇಬ್ಬರೂ 'ಹೌದು, ಹೀಗೆಯೇ ಆಯಿತು' ಎಂದರೆ ನೀವು ಒಳ್ಳೆಯ ಕಥೆ ಬರೆದಿದ್ದೀರಿ ಎಂದು ತಿಳಿಯಿರಿ.

ಪದಗಳ ಅರ್ಥ

ಜನಕ - ತಂದೆ, ಹುಟ್ಟಿಸಿದವನು
ಭೂಪಟ - ನಕ್ಷೆ
ಹೂರಣ - ಕಡುಬು, ಹೋಳಿಗೆಗಳ ಒಳಗೆ ತುಂಬುವ ಸಿಹಿ
ಶಾನುಭೋಗ - ಹಳ್ಳಿಯ ಲೆಕ್ಕಪತ್ರ ಬರೆಯುತ್ತಿದ್ದವನು
ಹೀಯಾಳಿಸು - ಕೀಳಾಗಿ ಕಾಣು, ಅವಮಾನ ಮಾಡು
ಗಂಟು - ಕೂಡಿಟ್ಟ ಹಣ
ತೀರ್ಪು - ನ್ಯಾಯ ನಿರ್ಣಯ
ಗಿರಣಿ - ಬಟ್ಟೆ ಮುಂತಾದವನ್ನು ತಯಾರಿಸುವ ಕಾರ್ಖಾನೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಾಸ್ತಿಯವರ ಮನೆಮಾತು ಯಾವುದು?
2. ಅವರ ಮೊದಲ ಕಥಾಸಂಗ್ರಹ ಯಾವ ವರ್ಷ ಹೊರಬಂದಿತು?
3. ಮಂಗಮ್ಮ ಏಕೆ ಬೇರೆಯಾಗಿ ಅಡಿಗೆ ಮಾಡಿಕೊಂಡಳು?
4. 'ಬದುಕು' ಕಾದಂಬರಿಯನ್ನು ಬರೆದವರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಶೈಲಿ ಮತ್ತು ದೃಷ್ಟಿ ಎಂದರೇನು? ಬಸ್ಸಿನ ಉದಾಹರಣೆಯಿಂದ ವಿವರಿಸಿರಿ.
2. ನಂಜಮ್ಮನ ಮಾತು ಕೇಳಿದ ಮೇಲೆ ನಿಮ್ಮ ಅಭಿಪ್ರಾಯ ಬದಲಾಯಿತೇ? ಏಕೆ?
3. ಮಾಸ್ತಿ ಮತ್ತು ಗೀತಾ ನಾಗಭೂಷಣ ಅವರ ಬರಹಕ್ಕೆ ಇರುವ ವ್ಯತ್ಯಾಸವೇನು? ಹೋಲಿಕೆಯೇನು?

ಇ. ಮಾಡಿ ನೋಡಿರಿ.
ನಿಮ್ಮ ಮನೆಯ ಹಿರಿಯರೊಬ್ಬರ ಬಳಿ ಕುಳಿತು ಅವರು ಚಿಕ್ಕಂದಿನಲ್ಲಿ ಕಂಡ ಒಂದು ಸಂಗತಿಯನ್ನು ಕೇಳಿರಿ. ಅವರು ಆಡಿದ ಪದಗಳನ್ನೇ ಬಳಸಿ ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯಲ್ಲಿ ಓದಿರಿ.